ಉಕುಲೇಲೆಯಲ್ಲಿ ಹವಾಯಿ ಗೀತೆಗಳ ಬೆರಳುಮೀಟು ವಾದನ

ಉಕುಲೇಲೆಯಲ್ಲಿ ಹವಾಯಿ ಗೀತೆಗಳ ಬೆರಳುಮೀಟು ವಾದನವು ಹವಾಯಿ ದ್ವೀಪಗಳ ಸಾಂಪ್ರದಾಯಿಕ ಹಾಡುಗಳ ಮಟ್ಟನ್ನೂ ಅದಕ್ಕೆ ಆಧಾರವಾದ ಸ್ವರಮೇಳವನ್ನೂ ನಾಲ್ಕು ತಂತಿಗಳ ಮೇಲೆ ಏಕಕಾಲದಲ್ಲಿ, ಬಲಗೈಯ ಬೆರಳುಗಳಿಂದ ಬಿಡಿಬಿಡಿಯಾಗಿ ಮೀಟಿ ನುಡಿಸುವ ಪದ್ಧತಿಯಾಗಿದೆ. ಇದು ಫಿಂಗರ್‌ಸ್ಟೈಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಎಲ್ಲ ತಂತಿಗಳನ್ನೂ ಒಂದೇ ಬೀಸಿನಲ್ಲಿ ಸವರುವ ಸ್ಟ್ರಮ್ಮಿಂಗ್ ಪದ್ಧತಿಯಲ್ಲಿ ವಾದ್ಯವು ಹಾಡುಗಾರನ ಹಿಮ್ಮೇಳವಾಗಿರುತ್ತದೆ. ಬೆರಳುಮೀಟಿನಲ್ಲಿ ಹಾಡುಗಾರನ ಸ್ಥಾನವನ್ನು ವಾದ್ಯವೇ ವಹಿಸಿಕೊಳ್ಳುತ್ತದೆ. ಹವಾಯಿಯ ಹಾಡುಗಳು ಮೂಲತಃ ಕಾವ್ಯವಾದುದರಿಂದ, ಮಾತುಗಳನ್ನು ತಿಳಿಯದೆ ಕೇವಲ ಮಟ್ಟನ್ನು ನುಡಿಸುವುದು ಈ ಪರಂಪರೆಯಲ್ಲಿ ಅರೆ ಕಲಿಕೆಯೆಂದೇ ಪರಿಗಣಿತವಾಗಿದೆ.

ಹಿನ್ನೆಲೆ

ಉಕುಲೇಲೆ ಹವಾಯಿಯ ಗುರುತಾಗಿದ್ದರೂ ಅದರ ಮೂಲ ಹವಾಯಿಯಲ್ಲಿಲ್ಲ. ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ ಮಷೆಟೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ ಮತ್ತು ರಜಾವ್ ಎಂಬ ಐದು ತಂತಿಯ ವಾದ್ಯಗಳಿಂದ ಇದು ರೂಪುಗೊಂಡಿತು. ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರಿನ ಮೇಲೆ ಬಂದ ಮದೀರಾದ ಕುಟುಂಬಗಳನ್ನು ಹೊತ್ತ ರೇವನ್ಸ್‌ಕ್ರ್ಯಾಗ್ ಎಂಬ ಹಡಗು 1879ರ ಆಗಸ್ಟ್ ತಿಂಗಳಲ್ಲಿ ಹೊನೊಲುಲು ಬಂದರನ್ನು ಸೇರಿತು. ಆ ಹಡಗಿನಲ್ಲಿದ್ದ ಮರಗೆಲಸದವರಾದ ಮಾನುಯೆಲ್ ನೂನೆಸ್, ಅಗುಸ್ತೊ ದಿಯಾಸ್ ಮತ್ತು ಜೋಸೆ ದೊ ಎಸ್ಪಿರಿತೊ ಸಾಂತೊ ಎಂಬ ಮೂವರು, ಕೆಲವು ವರ್ಷಗಳಲ್ಲಿ ತೋಟದ ದುಡಿಮೆಯನ್ನು ಬಿಟ್ಟು ಹೊನೊಲುಲುವಿನಲ್ಲಿ ಪೀಠೋಪಕರಣ ಹಾಗೂ ವಾದ್ಯಗಳ ಅಂಗಡಿಗಳನ್ನು ತೆರೆದರು. ಸ್ಥಳೀಯವಾದ ಕೋವಾ ಮರವನ್ನು ಅವರು ವಾದ್ಯಕ್ಕೆ ಬಳಸಿದರು. ಕೋವಾ ನಮ್ಮ ಜಾಲಿಗಳ ಹತ್ತಿರದ ಸಂಬಂಧಿ. ಹವಾಯಿಯನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ.

1874ರಿಂದ 1891ರವರೆಗೆ ಆಳಿದ ದೊರೆ ಕಲಾಕೌವ ಈ ವಾದ್ಯಕ್ಕೆ ಅರಮನೆಯ ಮನ್ನಣೆಯನ್ನು ತಂದುಕೊಟ್ಟನು. ಕ್ರೈಸ್ತ ಮಿಷನರಿಗಳ ವಿರೋಧದಿಂದ ಮರೆಗೆ ಸರಿದಿದ್ದ ಹುಲಾ ನೃತ್ಯವನ್ನು ಅವನು ಸಾರ್ವಜನಿಕ ವೇದಿಕೆಗೆ ಮರಳಿ ತಂದನು. ಹುಲಾದ ಹೊಸ ಹಾಡುಗಳಿಗೆ ಉಕುಲೇಲೆ ಜೊತೆಯಾಯಿತು.

ಹೆಸರಿನ ಬಗ್ಗೆ ಎರಡು ವಿವರಣೆಗಳಿವೆ. 'ಉಕು' ಎಂದರೆ ಚಿಗಟ, 'ಲೆಲೆ' ಎಂದರೆ ಹಾರು. ತಂತಿಗಳ ಮೇಲೆ ಬೆರಳುಗಳು ಜಿಗಿಯುವುದನ್ನು ಕಂಡು 'ಹಾರುವ ಚಿಗಟ' ಎಂದು ಕರೆದರೆಂಬುದು ಮೊದಲನೆಯದು. ಕೊನೆಯ ರಾಣಿ ಲಿಲಿಯುವೊಕಲಾನಿಗೆ ಇದು ಒಪ್ಪಿಗೆಯಾಗಿರಲಿಲ್ಲ. 'ಉಕು' ಎಂಬುದಕ್ಕೆ ಕೊಡುಗೆ ಎಂಬ ಅರ್ಥವೂ ಉಂಟು. ಆದುದರಿಂದ ಇದು 'ಇಲ್ಲಿಗೆ ಬಂದ ಕೊಡುಗೆ' ಎಂಬುದು ಆಕೆಯ ವಿವರಣೆ. ಚಿಗಟದ ಕಥೆಯೇ ಹೆಚ್ಚು ಪ್ರಚಲಿತವಾಗಿದ್ದರೂ, ವಾದ್ಯದ ಚರಿತ್ರೆಗೆ ರಾಣಿಯ ಮಾತು ಹೆಚ್ಚು ಹೊಂದುತ್ತದೆ. ಕನ್ನಡದಲ್ಲಿ ಇಂಗ್ಲಿಷ್ ಉಚ್ಚಾರಣೆಯನ್ನು ಅನುಸರಿಸಿ 'ಯುಕುಲೇಲೆ' ಎಂದು ಬರೆಯುವುದೂ ಇದೆ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ಪನಾಮಾ-ಪೆಸಿಫಿಕ್ ಅಂತಾರಾಷ್ಟ್ರೀಯ ವಸ್ತುಪ್ರದರ್ಶನದ ಹವಾಯಿ ಮಂಟಪದಿಂದ ಉಕುಲೇಲೆ ಅಮೆರಿಕದಾದ್ಯಂತ ಹರಡಿತು. ಅದೇ ದ್ವೀಪಗಳ ಇನ್ನೊಂದು ವಾದ್ಯವಾದ ಹವಾಯಿ ಗಿಟಾರು ಭಾರತದಲ್ಲಿ ಹೆಚ್ಚು ಪರಿಚಿತ. 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ಟಾವ್ ಮೋಎ ಅವರ ಸಂಗೀತ ಕುಟುಂಬವು ಆ ವಾದ್ಯವನ್ನು ಇಲ್ಲಿ ಹರಡುವುದರಲ್ಲಿ ಮುಖ್ಯ ಪಾತ್ರ ವಹಿಸಿತು. ಹವಾಯಿ ಗಿಟಾರನ್ನು ಮಡಿಲಲ್ಲಿ ಮಲಗಿಸಿ ಉಕ್ಕಿನ ಸಲಾಕೆಯನ್ನು ಜಾರಿಸಿ ನುಡಿಸುತ್ತಾರೆ. ಉಕುಲೇಲೆಯೊಡನೆ ಅದನ್ನು ಗೊಂದಲ ಮಾಡಿಕೊಳ್ಳಬಾರದು.

ಹಾಡಿನ ರೂಪ

ಹವಾಯಿ ಭಾಷೆಯಲ್ಲಿ ಹಾಡಿಗೂ ಕವಿತೆಗೂ ಇರುವ ಪದ ಒಂದೇ: 'ಮೆಲೆ'. 1820ರಲ್ಲಿ ಮಿಷನರಿಗಳು ಬರುವ ಮೊದಲು ಮೆಲೆಗಳನ್ನು ಕೆಲವೇ ಸ್ವರಗಳ ವ್ಯಾಪ್ತಿಯಲ್ಲಿ ಪಠಿಸಲಾಗುತ್ತಿತ್ತು. ಚರ್ಚಿನ ಸ್ತೋತ್ರಗಳಿಂದ ಪಾಶ್ಚಾತ್ಯ ಸ್ವರಮೇಳವೂ, ಬಳಿಕ ವಲಸಿಗರಿಂದ ತಂತಿವಾದ್ಯಗಳೂ ಸೇರಿಕೊಂಡವು. ಹೀಗೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ರೂಪುಗೊಂಡ ಹಾಡುಗಳೇ ಇಂದು ಸಾಂಪ್ರದಾಯಿಕವೆನಿಸಿಕೊಂಡಿವೆ. ಇವುಗಳಲ್ಲಿ ಹೆಚ್ಚಿನವು ಎರಡು ಅಥವಾ ನಾಲ್ಕು ಸಾಲಿನ ನುಡಿಗಳಾಗಿದ್ದು, ಎಲ್ಲ ನುಡಿಗಳಿಗೂ ಒಂದೇ ಮಟ್ಟು. ಹುಲಾ ಹಾಡುಗಳಲ್ಲಿ ಪ್ರತಿ ನುಡಿಯನ್ನೂ ಸಾಮಾನ್ಯವಾಗಿ ಎರಡು ಬಾರಿ ಹಾಡುತ್ತಾರೆ. ಕೊನೆಯ ನುಡಿಯನ್ನು 'ಹಾಇನಾ' ಎನ್ನುತ್ತಾರೆ. ಹಾಡಿನ ತಿರುಳನ್ನು ಮತ್ತೊಮ್ಮೆ ಹೇಳಿ, ಯಾರನ್ನು ಅಥವಾ ಯಾವ ಸ್ಥಳವನ್ನು ಕುರಿತು ಹಾಡಿದೆಯೆಂಬುದನ್ನು ಅದು ಸೂಚಿಸುತ್ತದೆ. ಕೀರ್ತನೆಯ ಕೊನೆಯ ಚರಣದಲ್ಲಿ ಅಂಕಿತ ಬರುವುದನ್ನು ಬಲ್ಲ ಓದುಗರಿಗೆ ಇದು ತೀರ ಅಪರಿಚಿತವೆನಿಸದು. ಆದರೆ ಅಂಕಿತವು ಹಾಡಿದವರ ಗುರುತಿಗೆ ಸಂಬಂಧಿಸಿದ್ದು, ಹಾಇನಾ ಹಾಡಿಸಿಕೊಂಡವರದು.

ಮೆಲೆಯ ಇನ್ನೊಂದು ಲಕ್ಷಣ 'ಕೌನ', ಅಂದರೆ ಒಳಗಿನ ಮರೆಯರ್ಥ. ಮಳೆ, ಹೂಮಾಲೆ, ಹಕ್ಕಿ, ಜಲಪಾತ ಮುಂತಾದವು ಮೇಲ್ನೋಟಕ್ಕೆ ಪ್ರಕೃತಿವರ್ಣನೆಯಾಗಿ ಕಂಡರೂ ಪ್ರಿಯರನ್ನೋ ಒಡೆಯರನ್ನೋ ಅಗಲಿಕೆಯನ್ನೋ ಧ್ವನಿಸುತ್ತವೆ. ಭಾರತೀಯ ಕಾವ್ಯಮೀಮಾಂಸೆಯ ಧ್ವನಿ ಎಂಬ ಪರಿಕಲ್ಪನೆಗೆ ಇದು ಸಮೀಪವಾದುದು. ಪ್ರತಿ ಊರಿನ ಮಳೆಗೂ ಗಾಳಿಗೂ ಪ್ರತ್ಯೇಕ ಹೆಸರುಗಳಿರುವುದರಿಂದ, ಮಳೆಯ ಹೆಸರನ್ನು ಕೇಳಿದೊಡನೆ ಬಲ್ಲವರಿಗೆ ಊರು ಯಾವುದೆಂದು ತಿಳಿಯುತ್ತದೆ.

ವಾದ್ಯ ಮತ್ತು ಶ್ರುತಿ

ಉಕುಲೇಲೆಯಲ್ಲಿ ಸೊಪ್ರಾನೊ, ಕನ್ಸರ್ಟ್, ಟೆನರ್, ಬ್ಯಾರಿಟೋನ್ ಎಂಬ ನಾಲ್ಕು ಗಾತ್ರಗಳು ಪ್ರಚಾರದಲ್ಲಿವೆ. ಸೊಪ್ರಾನೊದ ತಂತಿಯ ನುಡಿಯುವ ಉದ್ದ ಸುಮಾರು 13 ಅಂಗುಲ, ಕನ್ಸರ್ಟ್‌ನದು 15, ಟೆನರ್‌ನದು 17 ಅಂಗುಲ. ಬೆರಳುಮೀಟಿಗೆ ಫ್ರೆಟ್‌ಗಳ ನಡುವೆ ಸ್ವಲ್ಪ ಹೆಚ್ಚು ಸ್ಥಳವಿರುವ ಕನ್ಸರ್ಟ್ ಅಥವಾ ಟೆನರ್ ಅನುಕೂಲ. ಹಿಂದೆ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳಿದ್ದವು. ಈಗ ನೈಲಾನ್ ಮತ್ತು ಅದರಂಥ ಕೃತಕ ತಂತಿಗಳು ಬಂದಿವೆ. ಉಕ್ಕಿನ ತಂತಿಯನ್ನು ಇದಕ್ಕೆ ಹಾಕಬಾರದು; ಅದರ ಬಿಗಿತವನ್ನು ವಾದ್ಯದ ತೆಳುವಾದ ಹಲಗೆ ತಾಳಲಾರದು.

ಮೊದಲ ಮೂರು ಗಾತ್ರಗಳಿಗೆ ಇಂದು ಸಾಮಾನ್ಯವಾದ ಶ್ರುತಿ ಜಿ-ಸಿ-ಇ-ಎ. ವಾದಕನ ಮುಖಕ್ಕೆ ಹತ್ತಿರವಾದುದು ನಾಲ್ಕನೆಯ ತಂತಿ, ಅಂದರೆ ಜಿ. ಸಿ ಸ್ವರವನ್ನು ಷಡ್ಜವೆಂದು ಹಿಡಿದರೆ ಈ ನಾಲ್ಕು ತಂತಿಗಳು ಕ್ರಮವಾಗಿ ಪಂಚಮ, ಷಡ್ಜ, ಅಂತರಗಾಂಧಾರ ಮತ್ತು ಚತುಶ್ರುತಿ ಧೈವತಗಳಾಗುತ್ತವೆ. ಈ ನಾಲ್ಕೂ ಮೋಹನ ರಾಗದ ಸ್ವರಗಳೆಂಬುದು ಕರ್ನಾಟಕ ಸಂಗೀತದ ಪರಿಚಯವುಳ್ಳವರಿಗೆ ಕುತೂಹಲದ ಸಂಗತಿ. ಇಲ್ಲಿನ ಪಂಚಮ ಮಂದ್ರಸ್ಥಾಯಿಯದಲ್ಲ, ಷಡ್ಜದ ಮೇಲಿನದು. ನಾಲ್ಕೂ ಸ್ವರಗಳು ಒಂದೇ ಸ್ಥಾಯಿಯೊಳಗೆ ಇವೆ. ತಂತಿಗಳು ಹೀಗೆ ಮಂದ್ರದಿಂದ ತಾರಕ್ಕೆ ಕ್ರಮವಾಗಿ ಏರದ ಶ್ರುತಿಗೆ ಪುನರಾವರ್ತಿ ಶ್ರುತಿ ಎನ್ನಬಹುದು. ನಮ್ಮ ತಂಬೂರಿಯ ತಂತಿಗಳೂ ಸ್ಥಾಯಿಯ ಕ್ರಮದಲ್ಲಿ ಏರುವುದಿಲ್ಲ.

ಬೆರಳುಮೀಟು ಕಲಿಯುವವರಿಗೆ ಈ ಮೇಲು ಪಂಚಮವು ವರವೂ ಹೌದು, ತೊಡಕೂ ಹೌದು. ಪಕ್ಕಪಕ್ಕದ ಸ್ವರಗಳನ್ನು ಬೇರೆಬೇರೆ ತಂತಿಗಳಲ್ಲಿ ನುಡಿಸಿ ಒಂದರ ನಾದ ಇನ್ನೊಂದರಲ್ಲಿ ಬೆರೆಯುವಂತೆ ಮಾಡಬಹುದು. ಅದು ಗಂಟೆಗಳ ಸಾಲಿನಂತೆ ಕೇಳುತ್ತದೆ. ಆದರೆ ಮಟ್ಟಿನ ಸ್ವರವು ಗಾಂಧಾರವೋ ಮಧ್ಯಮವೋ ಆಗಿದ್ದಾಗ ಹೆಬ್ಬೆರಳು ಎಚ್ಚರತಪ್ಪಿ ನಾಲ್ಕನೆಯ ತಂತಿಯನ್ನು ಬಲವಾಗಿ ಮೀಟಿದರೆ, ಅದಕ್ಕಿಂತ ಮೇಲಿರುವ ಪಂಚಮವೇ ಮಟ್ಟೆಂದು ಕಿವಿ ಭಾವಿಸುತ್ತದೆ. ಹಾಡು ಗುರುತು ಸಿಗದಂತಾಗುವುದಕ್ಕೆ ಹೊಸಬರಲ್ಲಿ ಇದೇ ಬಹು ಸಾಮಾನ್ಯ ಕಾರಣ. ಅಂಥ ಕಡೆ ನಾಲ್ಕನೆಯ ತಂತಿಯನ್ನು ಬಿಟ್ಟುಬಿಡಬೇಕು, ಇಲ್ಲವೇ ಮೆಲ್ಲಗೆ ಮುಟ್ಟಬೇಕು. ಇನ್ನೊಂದು ದಾರಿಯೆಂದರೆ ಆ ಸ್ಥಾನಕ್ಕೆ ದಪ್ಪನೆಯ ತಂತಿಯನ್ನು ಹಾಕಿ ಮಂದ್ರ ಪಂಚಮಕ್ಕೆ ಇಳಿಸುವುದು. ಇದಕ್ಕೆ ಲೋ-ಜಿ ಶ್ರುತಿ ಎಂದು ಹೆಸರು. ಷಡ್ಜಕ್ಕಿಂತ ಕೆಳಗಿಳಿಯುವ ಹಾಡುಗಳಿಗೆ ಇದರಿಂದ ಐದು ಅರ್ಧಸ್ವರಗಳ ಹೆಚ್ಚಿನ ವ್ಯಾಪ್ತಿ ದೊರೆಯುತ್ತದೆ.

ಬಲಗೈ

ಬಲಗೈ ಬೆರಳುಗಳ ಹಂಚಿಕೆಯಲ್ಲಿ ಎರಡು ರೂಢಿಗಳಿವೆ. ಒಂದರಲ್ಲಿ ಹೆಬ್ಬೆರಳು ನಾಲ್ಕನೆಯ ಮತ್ತು ಮೂರನೆಯ ತಂತಿಗಳನ್ನೂ, ತೋರುಬೆರಳು ಎರಡನೆಯದನ್ನೂ, ನಡುಬೆರಳು ಮೊದಲನೆಯದನ್ನೂ ಮೀಟುತ್ತವೆ. ಇನ್ನೊಂದರಲ್ಲಿ ಉಂಗುರಬೆರಳೂ ಸೇರಿ ಒಂದೊಂದು ತಂತಿಗೆ ಒಂದೊಂದು ಬೆರಳು. ಮಟ್ಟು ಮೊದಲ ತಂತಿಯಲ್ಲೇ ಹೆಚ್ಚಾಗಿ ಓಡಾಡುವ ಹವಾಯಿ ಹಾಡುಗಳಿಗೆ ಮೊದಲನೆಯ ಕ್ರಮವೇ ಸಾಕಾಗುತ್ತದೆ. ಉಗುರು ಉದ್ದವಿರಬೇಕೆಂಬ ನಿಯಮವಿಲ್ಲ. ಬೆರಳ ತುದಿಯ ಮಾಂಸಭಾಗದಿಂದ ಮೀಟಿದರೆ ಮೃದುವಾದ ನಾದ, ಉಗುರಿನಿಂದ ಮೀಟಿದರೆ ಸ್ಪಷ್ಟವಾದ ನಾದ ಬರುತ್ತದೆ.

ಕಲಿಕೆಯ ಕ್ರಮ

ಮೊದಲು ಹಾಡನ್ನು ಬಾಯಲ್ಲಿ ಕಲಿಯಬೇಕು. ಇದಕ್ಕೆ ಭಾವುಕತೆ ಕಾರಣವಲ್ಲ. ವಾದ್ಯದ ಸ್ವಭಾವವೇ ಕಾರಣ. ಉಕುಲೇಲೆಯ ನಾದ ಮೀಟಿದ ಕ್ಷಣದಿಂದಲೇ ಕುಗ್ಗತೊಡಗಿ ಬೇಗ ಅಡಗುತ್ತದೆ. ಹವಾಯಿ ಹಾಡುಗಾರಿಕೆಯಾದರೋ ನೀಳವಾದ ಸ್ವರಾಕ್ಷರಗಳ ಮೇಲೆ ನಿಂತಿದೆ. ಎಲ್ಲಿ ನೀಳ, ಎಲ್ಲಿ ಉಸಿರು, ಎಲ್ಲಿ ಪದ ಮುಗಿಯಿತು ಎಂಬುದನ್ನು ಮಾತು ತಿಳಿದವರು ಮಾತ್ರ ಬೆರಳಿಗೆ ಹೇಳಬಲ್ಲರು.

ಹವಾಯಿ ಭಾಷೆಯ ಉಚ್ಚಾರಣೆ ಕನ್ನಡಿಗರಿಗೆ ಕಷ್ಟವಲ್ಲ. ಅದರಲ್ಲಿ ಐದು ಸ್ವರಗಳು, ಎಂಟು ವ್ಯಂಜನಗಳು, ಒತ್ತಕ್ಷರಗಳಿಲ್ಲ, ಪ್ರತಿ ಪದವೂ ಸ್ವರಾಂತ. ಹ್ರಸ್ವ-ದೀರ್ಘಗಳ ಭೇದವಿದ್ದು, ದೀರ್ಘವನ್ನು ಅಕ್ಷರದ ಮೇಲೆ ಗೆರೆ ಎಳೆದು ತೋರಿಸುತ್ತಾರೆ. ಕನ್ನಡ ಲಿಪಿಯಲ್ಲಿ ಇಲ್ಲದಿರುವುದು 'ಓಕಿನಾ' ಒಂದೇ. ಎರಡು ಸ್ವರಗಳ ನಡುವೆ ಗಂಟಲನ್ನು ಕ್ಷಣಕಾಲ ತಡೆದು ಬಿಡುವ ಈ ಧ್ವನಿ ಅಲ್ಲಿ ಪೂರ್ಣಪ್ರಮಾಣದ ವ್ಯಂಜನ. ಇದನ್ನೂ ದೀರ್ಘವನ್ನೂ ಬಿಟ್ಟರೆ ಅರ್ಥವೇ ಬದಲಾಗುತ್ತದೆ: 'ಪೌ' ಎಂದರೆ ಮುಗಿಯಿತು, ನಡುವೆ ತಡೆ ಬಂದು 'ಪ-ಉ' ಆದರೆ ಮಸಿ, ಎರಡೂ ಸ್ವರಗಳು ದೀರ್ಘವಾಗಿ 'ಪಾ-ಊ' ಆದರೆ ಲಂಗ.

ಎರಡನೆಯ ಹಂತದಲ್ಲಿ ಬರಿಯ ಮಟ್ಟನ್ನು ಒಂಟಿ ಸ್ವರಗಳಲ್ಲಿ ನುಡಿಸಬೇಕು. ಸಿ ಶ್ರುತಿಯ ಶಂಕರಾಭರಣದ ಸ್ವರಗಳು ಕೈಯಲ್ಲಿ ಕೂತಿದ್ದರೆ ಸಾಕು: ಮೂರನೆಯ ತಂತಿ ಬಿಟ್ಟದ್ದು ಷಡ್ಜ, ಅದರ ಎರಡನೆಯ ಫ್ರೆಟ್ ರಿಷಭ, ಎರಡನೆಯ ತಂತಿ ಬಿಟ್ಟದ್ದು ಗಾಂಧಾರ, ಒಂದನೆಯ ಫ್ರೆಟ್ ಮಧ್ಯಮ, ಮೂರನೆಯದು ಪಂಚಮ, ಮೊದಲ ತಂತಿ ಬಿಟ್ಟದ್ದು ಧೈವತ, ಎರಡನೆಯ ಫ್ರೆಟ್ ನಿಷಾದ, ಮೂರನೆಯದು ತಾರಷಡ್ಜ.

ಮೂರನೆಯ ಹಂತದಲ್ಲಿ ಮಟ್ಟಿನ ಕೆಳಗೆ ಸ್ವರಮೇಳವನ್ನು ಸೇರಿಸಲಾಗುತ್ತದೆ. ಬಹುಪಾಲು ಹಾಡುಗಳಿಗೆ ಸಿ, ಎಫ್, ಜಿ7, ಡಿ7 ಎಂಬ ನಾಲ್ಕು ಮೇಳಗಳು ಸಾಕು. ನಾಲ್ಕನೆಯ ತಂತಿಯಿಂದ ಮೊದಲನೆಯದರವರೆಗೆ ಒತ್ತಬೇಕಾದ ಫ್ರೆಟ್‌ಗಳನ್ನು ಅನುಕ್ರಮವಾಗಿ ಬರೆದರೆ ಸಿ 0003, ಎಫ್ 2010, ಜಿ7 0212, ಡಿ7 2223 ಎಂದಾಗುತ್ತದೆ. ಡಿ7 ಮೇಳಕ್ಕೆ 2020 ಎಂಬ ಸುಲಭ ಹಿಡಿತವೂ ಇದ್ದು, ಅದಕ್ಕೆ 'ಹವಾಯಿಯ ಡಿ7' ಎಂಬ ಅಡ್ಡಹೆಸರಿದೆ. ಇದರಲ್ಲಿ ಡಿ ಸ್ವರವೇ ಇರುವುದಿಲ್ಲ. ಪ್ರತಿ ಅಕ್ಷರಕ್ಕೂ ಮೇಳವನ್ನು ತುಂಬುವುದು ತಪ್ಪು. ತಾಳದ ಮೊದಲ ಪೆಟ್ಟಿನಲ್ಲಿ ಹೆಬ್ಬೆರಳು ಕೆಳಸ್ವರವನ್ನೂ ನಡುಬೆರಳು ಮಟ್ಟಿನ ಸ್ವರವನ್ನೂ ಒಟ್ಟಿಗೆ ಚಿವುಟಬೇಕು. ನೀಳಸ್ವರ ಬಂದಾಗ, ಅದು ಅಡಗುವುದರೊಳಗೆ ಮೇಳದ ಒಳಸ್ವರಗಳನ್ನು ಒಂದೊಂದಾಗಿ ಮೀಟಿ ತೆರವನ್ನು ತುಂಬಬೇಕು. ಹಾಡುಗಾರ ಉಸಿರಿನಿಂದ ಹಿಡಿದಿಡುವುದನ್ನು ವಾದಕ ಈ ಬಿಡಿಸ್ವರಗಳಿಂದ ಹಿಡಿದಿಡುತ್ತಾನೆ. ಬೆರಳುಮೀಟಿನ ಮುಖ್ಯ ಕೌಶಲ ಇದೇ.

ನಾಲ್ಕನೆಯದು 'ವ್ಯಾಂಪ್'. ನುಡಿ ಮುಗಿದ ಮೇಲೆ ಮುಂದಿನ ನುಡಿಗೆ ಮೊದಲು ಬರುವ ಚಿಕ್ಕ ಸೇತುವೆಯಿದು: ಡಿ7 ಎರಡು ಮಾತ್ರೆ, ಜಿ7 ಎರಡು ಮಾತ್ರೆ, ಸಿ ನಾಲ್ಕು ಮಾತ್ರೆ, ಬಹುಮಟ್ಟಿಗೆ ಇದನ್ನು ಎರಡಾವರ್ತಿ ನುಡಿಸುತ್ತಾರೆ. ಮೇಲಿನ ಹಿಡಿತಗಳಲ್ಲಿ ಮೊದಲ ತಂತಿಯನ್ನಷ್ಟೇ ಗಮನಿಸಿದರೆ ಸ-ನಿ-ಸ ಎಂಬ ಪುಟ್ಟ ಸಂಚಾರ ಕೇಳಿಸುತ್ತದೆ. ವ್ಯಾಂಪ್ ಹಾಡುಗಾರನಿಗೆ ಉಸಿರಿನ ಬಿಡುವು, ನರ್ತಕಿಗೆ ಮುಂದಿನ ನುಡಿಗೆ ಸಿದ್ಧವಾಗುವ ಸಮಯ. ಒಂಟಿಯಾಗಿ ನುಡಿಸುವವರು ಇದನ್ನು ಹಾರಿಸಿಬಿಡುವುದುಂಟು. ಹಾಗೆ ಮಾಡಿದರೆ ನುಡಿಗಳು ಒಂದರ ಮೇಲೊಂದು ಬಿದ್ದು, ಹಾಡು ಎಲ್ಲಿ ಮುಗಿದು ಎಲ್ಲಿ ಮೊದಲಾಯಿತೆಂದು ತಿಳಿಯದು.

ಅಲಂಕಾರಗಳು ಕೊನೆಗೆ. ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಮೇಲಿನ ಸ್ವರವನ್ನು ಹೊರಡಿಸುವುದು, ಬೆರಳನ್ನು ಕಿತ್ತು ಕೆಳಸ್ವರವನ್ನು ಹೊರಡಿಸುವುದು, ಜಾರಿಸುವುದು ಇವು ಮುಖ್ಯವಾದವು. ತಂತಿಗಳನ್ನು ಸಡಿಲಿಸಿ ನುಡಿಸುವ 'ಕಿ ಹೋಆಲು' ಎಂಬ ಹವಾಯಿ ಗಿಟಾರ್ ಶೈಲಿಯಲ್ಲಿ, ಹಾಡುಗಾರರು ಕಂಠವನ್ನು ಥಟ್ಟನೆ ಮೇಲಿನ ಸ್ಥಾಯಿಗೆ ಒಡೆಯುವುದನ್ನು ಹೀಗೆಯೇ ಅನುಕರಿಸುತ್ತಾರೆ. ಉಕುಲೇಲೆಗೂ ಅದು ಹೊಂದುತ್ತದೆ. ಪ್ರತಿ ನುಡಿಗೂ ಮಟ್ಟು ಒಂದೇ ಆದುದರಿಂದ, ಎಲ್ಲ ನುಡಿಗಳನ್ನೂ ಒಂದೇ ರೀತಿ ನುಡಿಸಿದರೆ ಬೇಸರವಾಗುತ್ತದೆ. ಯಾವ ನುಡಿಗೆ ಏನು ಬದಲಾಯಿಸಬೇಕೆಂಬುದಕ್ಕೆ ಆ ನುಡಿಯ ಅರ್ಥವೇ ಉತ್ತಮ ಸೂಚನೆ.

ಕಲಿಕೆಗೆ ಟ್ಯಾಬ್ಲೇಚರ್ ಎಂಬ ಬರವಣಿಗೆ ಬಳಕೆಯಲ್ಲಿದೆ. ನಾಲ್ಕು ಗೆರೆಗಳು ನಾಲ್ಕು ತಂತಿಗಳು, ಅಂಕೆಗಳು ಫ್ರೆಟ್‌ಗಳು. ಎಲ್ಲಕ್ಕಿಂತ ಕೆಳಗಿನ ಗೆರೆ ನಾಲ್ಕನೆಯ ತಂತಿ. ಬೆರಳನ್ನು ಎಲ್ಲಿಡಬೇಕೆಂಬುದನ್ನು ಇದು ಚೆನ್ನಾಗಿ ತಿಳಿಸುತ್ತದೆ. ಅನೇಕ ಪುಸ್ತಕಗಳಲ್ಲಿ ಟ್ಯಾಬ್ಲೇಚರಿನ ಕೆಳಗೆ ಸಾಹಿತ್ಯವನ್ನು ಕೊಟ್ಟಿರುವುದಿಲ್ಲ; ಕಲಿಯುವವರು ತಾವೇ ಅದನ್ನು ಹುಡುಕಿ ಬರೆದುಕೊಳ್ಳುವುದು ಲೇಸು. ಸ್ಯಾಮ್ಯುಯೆಲ್ ಎಲ್ಬರ್ಟ್ ಮತ್ತು ನೊಎಲಾನಿ ಮಹೋಎ 1970ರಲ್ಲಿ ಪ್ರಕಟಿಸಿದ 'ನಾ ಮೆಲೆ ಓ ಹವಾಯಿ ನೇಯಿ' ಸಂಕಲನದಲ್ಲಿ 101 ಹಾಡುಗಳ ಮೂಲಪಾಠವೂ ಇಂಗ್ಲಿಷ್ ಅನುವಾದವೂ ಇವೆ.

ವಾದಕರು

ಅರ್ನೆಸ್ಟ್ ಕಾಆಯಿ 20ನೆಯ ಶತಮಾನದ ಆರಂಭದ ಪ್ರಮುಖ ವಾದಕ. 1906ರಲ್ಲಿ ಅವನು ಪ್ರಕಟಿಸಿದ ಕೈಪಿಡಿ ಈ ವಾದ್ಯದ ಅತ್ಯಂತ ಹಳೆಯ ಕಲಿಕೆಯ ಪುಸ್ತಕಗಳಲ್ಲೊಂದು. ಆದರೂ ಉಕುಲೇಲೆಯನ್ನು ಬಹುಕಾಲ ತಾಳದ ವಾದ್ಯವೆಂದೇ ಎಣಿಸುತ್ತಿದ್ದರು. ಈ ಭಾವನೆಯನ್ನು ಬದಲಿಸಿದವರಲ್ಲಿ ಎಡ್ಡಿ ಕಮಾಯೆ (1927–2017) ಅಗ್ರಗಣ್ಯರು. ನಾಲ್ಕೂ ತಂತಿಗಳನ್ನು ಮೀಟಿ ಮಟ್ಟನ್ನೂ ಮೇಳವನ್ನೂ ಜೊತೆಯಾಗಿ ಹೊರಡಿಸುವ ಶೈಲಿಯನ್ನು ಅವರು ಬೆಳೆಸಿದರು. ತರುಣರಾಗಿದ್ದಾಗ ಅವರಿಗೆ ಹವಾಯಿ ಹಾಡುಗಳಲ್ಲಿ ಆಸಕ್ತಿಯಿರಲಿಲ್ಲ; ಜಾಝ್ ಮತ್ತು ಲ್ಯಾಟಿನ್ ಸಂಗೀತವನ್ನು ನುಡಿಸುತ್ತಿದ್ದರು. ಗಿಟಾರ್ ವಾದಕ ಗ್ಯಾಬಿ ಪಹಿನುಯಿ (1921–1980) ಅವರ ಸಂಗದಿಂದ ಮನಸ್ಸು ಬದಲಾಯಿತು. ಇಬ್ಬರೂ ಸೇರಿ ಸನ್ಸ್ ಆಫ್ ಹವಾಯಿ ಎಂಬ ತಂಡವನ್ನು ಕಟ್ಟಿದರು. ಬಳಿಕ ವಿದ್ವಾಂಸೆ ಮೇರಿ ಕವೇನಾ ಪುಕುಯಿ (1895–1986) ಅವರ ಮಾರ್ಗದರ್ಶನದಲ್ಲಿ ಕಮಾಯೆ ಮರೆತುಹೋಗುತ್ತಿದ್ದ ಹಾಡುಗಳನ್ನು ಹುಡುಕಿಕೊಂಡು ಹಳ್ಳಿಯ ಹಿರಿಯರ ಬಳಿಗೆ ಹೋದರು. ವೈಪಿಒ ಕಣಿವೆಯ ಹಾಡುಕಟ್ಟುವವರಾದ ಸ್ಯಾಮ್ ಲೀಆ ಅವರನ್ನು ಕುರಿತ ಸಾಕ್ಷ್ಯಚಿತ್ರವನ್ನು 1988ರಲ್ಲಿ ತೆಗೆದರು.

ಈ ಹುಡುಕಾಟಕ್ಕೆ ಕಾರಣವಿತ್ತು. 1896ರ ಕಾನೂನಿನಿಂದ ಶಾಲೆಗಳಲ್ಲಿ ಇಂಗ್ಲಿಷೇ ಬೋಧನ ಮಾಧ್ಯಮವಾಗಿ, ಎರಡು ಮೂರು ತಲೆಮಾರುಗಳಲ್ಲಿ ಹವಾಯಿ ಮಾತನಾಡುವವರು ವಿರಳವಾದರು. ಮಟ್ಟುಗಳು ಹೋಟೆಲುಗಳ ಸಂಗೀತದಲ್ಲಿ ಉಳಿದವು. ಮಾತುಗಳನ್ನು ಬಲ್ಲವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದರು. 1978ರಲ್ಲಿ ಹವಾಯಿ ಭಾಷೆಯು ಇಂಗ್ಲಿಷಿನೊಡನೆ ರಾಜ್ಯದ ಅಧಿಕೃತ ಭಾಷೆಯಾಯಿತು.

ಕೆಲವು ಗೀತೆಗಳು

'ಅಲೋಹಾ ಓಎ': ಸುಮಾರು 1878ರಲ್ಲಿ ಲಿಲಿಯುವೊಕಲಾನಿ ರಚಿಸಿದ ಬೀಳ್ಕೊಡುಗೆಯ ಹಾಡು. ನಿಧಾನಗತಿಯದಾದ್ದರಿಂದ ಹೊಸಬರಿಗೆ ತಕ್ಕುದು. ಪಲ್ಲವಿ ಎಫ್ ಮೇಳದಿಂದ ಆರಂಭವಾಗುವುದನ್ನು ಗಮನಿಸಬೇಕು. 1893ರ ಜನವರಿಯಲ್ಲಿ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1895ರಲ್ಲಿ ಆಕೆಯನ್ನು ಆಕೆಯ ಅರಮನೆಯಾದ ಇಯೊಲಾನಿಯ ಕೊಠಡಿಯೊಂದರಲ್ಲೇ ಬಂಧಿಸಿಟ್ಟರು. ಪತ್ರಿಕೆಗಳನ್ನು ಓದಲು ಅನುಮತಿಯಿರಲಿಲ್ಲ; ಕಾಗದ ಮತ್ತು ಸೀಸದಕಡ್ಡಿಗೆ ಅಡ್ಡಿಯಿರಲಿಲ್ಲ. ಸ್ವರಲಿಪಿಯ ಗೆರೆಗಳನ್ನು ತಾನೇ ಎಳೆದುಕೊಂಡು, ಮೊದಮೊದಲು ವಾದ್ಯವೂ ಇಲ್ಲದೆ ಕೇವಲ ಕಂಠದ ಆಧಾರದಿಂದ ಹಾಡುಗಳನ್ನು ಬರೆದುದಾಗಿ ಆಕೆ 1898ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಹಾಗೆ ಬರೆದು ಹೊರಗೆ ಕಳುಹಿಸಿದವುಗಳಲ್ಲಿ ಈ ಹಾಡೂ ಒಂದು.

'ಹಿಇಲಾವೆ': ವೈಪಿಒ ಕಣಿವೆಯ ಜಲಪಾತದ ಹೆಸರನ್ನು ಹೊತ್ತ ಹಾಡು. ಕರ್ತೃವಿನ ಬಗ್ಗೆ ಭಿನ್ನಾಭಿಪ್ರಾಯವಿದೆ. ಗ್ಯಾಬಿ ಪಹಿನುಯಿ ಅವರ ಹಾಡುಗಾರಿಕೆಯಿಂದ ಪ್ರಸಿದ್ಧವಾಯಿತು. ಇದರಲ್ಲಿ ಬರುವ ಚಿಲಿಪಿಲಿಗುಟ್ಟುವ ಹಕ್ಕಿಗಳು ನಿಜವಾಗಿ ಪ್ರೇಮಿಗಳ ಬಗ್ಗೆ ಆಡಿಕೊಳ್ಳುವ ಊರಿನ ಜನ.

'ಕೌಲಾನ ನಾ ಪುವಾ': 1893ರಲ್ಲಿ ಎಲೆನ್ ಪ್ರೆಂಡರ್‌ಗ್ಯಾಸ್ಟ್ ರಚಿಸಿದ್ದು. ಹೊಸ ಸರ್ಕಾರಕ್ಕೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ರಾಯಲ್ ಹವಾಯಿಯನ್ ಬ್ಯಾಂಡಿನ ವಾದಕರಿಗಾಗಿ ಹುಟ್ಟಿದ ಹಾಡಿದು. ಸರ್ಕಾರದ ಹಣ ಬೇಡ, ನಾಡಿನ ಕಲ್ಲೇ ನಮಗೆ ಆಹಾರ ಎಂಬ ಭಾವ ಇದರಲ್ಲಿರುವುದರಿಂದ 'ಕಲ್ಲು ತಿನ್ನುವ ಹಾಡು' ಎಂಬ ಹೆಸರೂ ಇದಕ್ಕಿದೆ. ಮಟ್ಟು ಮಾತ್ರ ಲವಲವಿಕೆಯದು. ಮಾತು ತಿಳಿಯದವರು ಇದನ್ನು ಹಬ್ಬದ ಹಾಡೆಂದು ಭಾವಿಸಿ ಚುರುಕಾಗಿ ನುಡಿಸುವುದು ಇಂದಿಗೂ ಕಂಡುಬರುತ್ತದೆ. ಹಿಂದೆ ಇದನ್ನು ಪವಿತ್ರವೆಂದು ಬಗೆದು ಹುಲಾಕ್ಕೆ ಬಳಸುತ್ತಿರಲಿಲ್ಲ. ವಾದನದಲ್ಲಿ ಅಲಂಕಾರಗಳನ್ನು ಕಡಿಮೆ ಮಾಡಿ, ಪ್ರತಿ ಸ್ವರವನ್ನೂ ಬಿಡಿಯಾಗಿ, ಸಮಗತಿಯಲ್ಲಿ ನುಡಿಸುವುದು ಉಚಿತ.

ಕೂಟವಾದನ

ಮನೆಯಂಗಳದಲ್ಲೋ ಕಡಲತೀರದಲ್ಲೋ ಕೂಡಿ ಹಾಡುವ ಅನೌಪಚಾರಿಕ ಕೂಟಕ್ಕೆ 'ಕನಿಕಪಿಲಾ' ಎಂದು ಹೆಸರು. 'ಕನಿ' ಎಂದರೆ ನುಡಿಸು, 'ಪಿಲಾ' ಎಂದರೆ ತಂತಿವಾದ್ಯ. ಇಲ್ಲಿ ಬೆರಳುಮೀಟು ವಾದಕರು ಹಾಡಿನ ಉದ್ದಕ್ಕೂ ಮಟ್ಟನ್ನು ನುಡಿಸುವುದಿಲ್ಲ. ಹಾಡುಗಾರರು ನುಡಿಯನ್ನು ಹಾಡುವಾಗ ಕೆಳಸ್ವರಗಳನ್ನಷ್ಟೇ ಮೆಲ್ಲಗೆ ಮೀಟುತ್ತ, ಎರಡು ನುಡಿಗಳ ನಡುವೆ ಸರದಿ ಬಂದಾಗ ಒಂದು ನುಡಿಯಷ್ಟು ಮಟ್ಟನ್ನು ನುಡಿಸಿ, ವ್ಯಾಂಪಿನೊಡನೆ ಹಾಡನ್ನು ಮತ್ತೆ ಹಾಡುಗಾರರಿಗೆ ಒಪ್ಪಿಸುತ್ತಾರೆ.